ಇಳಿಸಿದ ತೂಕ

ಕನ್ನಡಕ ಹಾಕಿಕೊಂಡು ಜಿಮ್ಮಿನಲ್ಲಿ ಕೂತದ್ದು ಅವನು ಅಂದೇ ಮೊದಲು. ಅಷ್ಟು ದಿನವೂ ಮೆಟ್ಟಿಲು ಹತ್ತಿ ಬರುತ್ತಿದ್ದಂತೆ ಅದನ್ನು ತೆಗೆದು, ಡಬ್ಬಿಗೆ ಹಾಕಿ, ಡಬ್ಬಿಯನ್ನು ಹೊರಗೆ ಬಿಟ್ಟ ಚಪ್ಪಲಿಯ ಪಕ್ಕದ ಗೂಡಿನಲ್ಲಿಟ್ಟು ಒಳಗೆ ಹೋಗುತ್ತಿದ್ದ. ಬೆವರಿಗೆ ಮೂಗಿನಿಂದ ಜಾರುತ್ತದೆ, ಬಗ್ಗಿದರೆ ಬೀಳುತ್ತದೆ. ಊರಿಗೆಲ್ಲ ಕನ್ನಡಕ ಮಾರುವವನ ಕನ್ನಡಕವೇ ಬಿದ್ದು ಒಡೆದರೆ ನೋಡುವವರಿಗೆ ತಮಾಷೆ. ಆದರೆ ನಿನ್ನೆ ಅಂಗಡಿಗೆ ಬಂದಿದ್ದ ಕಂಪನಿಯ ಏಜೆಂಟು, ಓಡುವವರಿಗೆಂದು ಹೊಸದಾಗಿ ಬಂದಿದೆ, ತಲೆಯ ಹಿಂದೆ ರಬ್ಬರ್ ಪಟ್ಟಿ ಇದೆ, ಮೊದಲು ನೀವೇ ಹಾಕಿ ನೋಡಿ ಎಂದು ಒಂದು ಫ್ರೇಮು ಬಿಟ್ಟುಹೋಗಿದ್ದ. ಅವನು ಸಂಜೆಯೇ ಅದಕ್ಕೆ ತನ್ನ ನಂಬರಿನ ಗಾಜು ಕೂಡಿಸಿಕೊಂಡಿದ್ದ. ಹಾಗಾಗಿ ಇಂದು ಸೈಕಲ್ಲಿನ ಮೇಲೆ ಕೂತು, ಎಲ್ಲಿಗೂ ಹೋಗದ ಆ ಪೆಡಲುಗಳನ್ನು ತುಳಿಯುತ್ತ ಎದುರಿನ ಗೋಡೆಯಗಲದ ಕನ್ನಡಿಯನ್ನು ನೋಡಿದಾಗ, ಇಷ್ಟು ದಿನ ಬಣ್ಣದ ಮುದ್ದೆಗಳಾಗಿ ಅಲ್ಲಾಡುತ್ತಿದ್ದ ಜನಕ್ಕೆಲ್ಲ ಮುಖ ಬಂದಿತ್ತು. ಒಬ್ಬನ ಬನಿಯನ್ ಕಂಕುಳಲ್ಲಿ ಹರಿದಿತ್ತು. ಇನ್ನೊಬ್ಬಳು ಹಲ್ಲು ಕಚ್ಚಿ ತನ್ನ ಪ್ರತಿಬಿಂಬವನ್ನೇ ಬೈಯುತ್ತಿದ್ದಳು. ಆ ಎಲ್ಲ ಮುಖಗಳ ಹಿಂದೆ, ಕೋಣೆಯ ಆ ತುದಿಯ ಬೆಂಚಿನ ಹತ್ತಿರ, ತನ್ನ ಹೆಂಡತಿ ರಾಡಿನಿಂದ ಪ್ಲೇಟು ತೆಗೆಯುತ್ತಿದ್ದುದು ಕಾಣಿಸಿತು.

ಮೊದಲು ಅವಳು ಈ ಕಡೆ ನೋಡಿದಳು. ಗಂಡ ಇನ್ನೂ ಸೈಕಲ್ಲಿನ ಮೇಲೇ ಇದ್ದಾನೆಂದು ಖಾತ್ರಿ ಮಾಡಿಕೊಂಡು, ಊಟದ ತಟ್ಟೆ ಎತ್ತಿಡುವಷ್ಟು ಸಲೀಸಾಗಿ, ಕರಿಯ ದೊಡ್ಡ ಪ್ಲೇಟನ್ನು ರಾಡಿನ ಒಂದು ತುದಿಯಿಂದ ಎಳೆದು ಗೋಡೆಯ ಗೂಟಕ್ಕೆ ಸಿಕ್ಕಿಸಿದಳು. ಆ ತುದಿಗೆ ಹೋಗಿ ಅಲ್ಲಿಯದನ್ನೂ ತೆಗೆದಳು. ಆಮೇಲೆ ಎರಡೂ ಕಡೆಗೆ ಸಾಸರಿನಷ್ಟು ಸಣ್ಣ ಪ್ಲೇಟು ಹಾಕಿ, ಟೀ ಶರ್ಟಿನ ತೋಳನ್ನೊಮ್ಮೆ ಎಳೆದುಕೊಂಡು, ಏನೂ ಮಾಡದವಳ ಹಾಗೆ ಬೆಂಚಿನ ತುದಿಯಲ್ಲಿ ಕೂತು, "ಬನ್ನಿ ರೀ, ಖಾಲಿಯಾಯ್ತು" ಎಂದು ಕೂಗಿದಳು.

ಅವನು ಇಳಿದು ಹೋದ. ಅವಳು ಬೆಂಚಿನ ಮೇಲೆ ಮಲಗಿದಳು. ಅವನು ಯಾವತ್ತಿನಂತೆ ಅವಳ ತಲೆಯ ಹಿಂದೆ ನಿಂತ. ಮಲಗಿ ರಾಡು ಎತ್ತುವವರ ಕೈ ಸೋತರೆ ಅದು ಎದೆಗೆ ಬೀಳದಂತೆ ಹಿಡಿಯಲು ಹಿಂದೆ ಒಬ್ಬರು ನಿಲ್ಲಬೇಕು. ಅದು ಅಲ್ಲಿನ ನಿಯಮ. ಅವಳ ಹಿಂದೆ ಅವನು, ಅವನ ಹಿಂದೆ ಅವಳು. ಅವಳು ರಾಡನ್ನು ಇಳಿಸಿದಳು, ಎತ್ತಿದಳು, ಇಳಿಸಿದಳು, ಎತ್ತಿದಳು. ಕೊನೆಗೆ ಬರುತ್ತಿದ್ದಂತೆ ಕಣ್ಣು ಮುಚ್ಚಿ ಕೆನ್ನೆ ಊದಿಸಿ "ಉಫ್" ಎಂದಳು, ಮೊಣಕೈಗಳು ನಡುಗತೊಡಗಿದವು. ಅವನ ಎರಡು ಬೆರಳು ತಾವಾಗಿ ರಾಡಿನ ಕೆಳಗೆ ಹೋದವು. "ಎತ್ತು, ಎತ್ತು, ನಾನಿದ್ದೀನಿ" ಎಂದು ಬಾಯಿ ತಾನಾಗಿ ಅಂದಿತು. ತಿಂಗಳುಗಳಿಂದ ಅಂದ ಮಾತು. ಅದನ್ನು ಅಂದಾಗಲೆಲ್ಲ ಅವನ ಎದೆ ಒಂದಿಷ್ಟು ಅಗಲವಾಗುತ್ತಿತ್ತು. ಇಂದು ಅವನು ಅವಳ ಮುಖವನ್ನು ಮೇಲಿನಿಂದ ಸ್ಪಷ್ಟವಾಗಿ ನೋಡಿದ. ಹಣೆ ಒಣಗಿತ್ತು. ಕುತ್ತಿಗೆಯಲ್ಲಿ ಒಂದು ನರವೂ ಬಿಗಿದಿರಲಿಲ್ಲ. ಬೆಂಚಿನ ಆ ತುದಿಯಲ್ಲಿ ಅವಳ ಬೂಟಿನ ತುದಿ, ಮೇಲೆ ಸ್ಪೀಕರಿನಲ್ಲಿ ಅರಚುತ್ತಿದ್ದ ಹಾಡಿಗೆ ತಾಳ ಹಾಕುತ್ತಿತ್ತು.

"ಅಬ್ಬಾ, ಕೈ ಸತ್ತೇಹೋಯ್ತು ನೋಡಿ. ನೀವು ಹಿಡೀದೆ ಇದ್ದಿದ್ರೆ ಬೀಳ್ತಿತ್ತು."

"ಹ್ಞೂಂ."

"ನಿಮಗೆ ಇಷ್ಟು ಸಾಕಾ? ಇನ್ನೊಂದು ಸಣ್ಣದು ಹಾಕ್ಲಾ?"

"ಬೇಡ. ಭುಜ ಹಿಡ್ಕೊಂಡಿದೆ ಇವತ್ತು."

"ಯಾವ ಭುಜ?" ಎನ್ನುವಷ್ಟರಲ್ಲಿ ಅವಳ ಹೆಬ್ಬೆರಳು ಅವನ ಭುಜದ ಮೂಳೆಯ ಸಂದಿಯನ್ನು ಹುಡುಕಿ ಒತ್ತುತ್ತಿತ್ತು. "ಇಲ್ಲಾ? ಇಲ್ಲಿ?"

"ಬಿಡೇ. ಎಲ್ಲರೂ ನೋಡ್ತಾರೆ."

"ಎಲ್ಲರೂ ಅವರವರ ಹೊಟ್ಟೆ ನೋಡ್ಕೊಳ್ಳೋದ್ರಲ್ಲೇ ಇರ್ತಾರೆ. ನಿಮ್ಮನ್ನ ಯಾರು ನೋಡ್ತಾರೆ?"

ಸುಳ್ಳು ಹೇಳುವುದು ಅವನಿಗೆ ಹೊಸದಲ್ಲ, ಅವನ ಅನ್ನವೇ ಅದರಲ್ಲಿದೆ. ಹೊಸ ಫ್ರೇಮು ಹಾಕಿಕೊಂಡು ಕನ್ನಡಿಯಲ್ಲಿ ತಮ್ಮನ್ನು ತಾವೇ ಗುರುತು ಹಿಡಿಯಲಾರದೆ ನಿಂತವರಿಗೆ, ನಿಮ್ಮ ಮುಖಕ್ಕೆ ಅಂತಲೇ ಮಾಡಿದ ಹಾಗಿದೆ ಎನ್ನುತ್ತಾನೆ. ಸೀಸೆಯ ಅಡಿಯಂಥ ಗಾಜು ಬೇಕಾದ ಹುಡುಗಿಗೆ, ಪಕ್ಕದಿಂದ ದಪ್ಪ ಕಾಣಲ್ಲ ಬಿಡಮ್ಮ ಎನ್ನುತ್ತಾನೆ. ಅದು ಮೋಸವಲ್ಲ. ಆದರೆ ಎಲ್ಲರಿಗೂ ಹೇಳುವುದಿಲ್ಲ. ಕೆಲವರು ಬಂದು, ನನ್ನ ಮೂಗು ಸೊಟ್ಟ, ಅದಕ್ಕೆ ಸರಿಹೋಗೋದು ಕೊಡಿ ಎಂದು ಕೂತುಬಿಡುತ್ತಾರೆ. ಅವರಿಗೆ ಸುಳ್ಳು ಬೇಡ. ತಡೆದುಕೊಳ್ಳಲಾರರು ಎಂದು ಮುಖ ನೋಡಿದ ಕೂಡಲೇ ಗೊತ್ತಾಗುತ್ತದಲ್ಲ, ಅವರಿಗೆ ಮಾತ್ರ. ಇವಳು ತನ್ನನ್ನೂ ಹಾಗೆ ಮುಖ ನೋಡಿ ಬೇರೆ ಕೂರಿಸಿದ್ದಾಳೆ. ಯಾವಾಗ ನೋಡಿದಳು? ಯಾವ ದಿನ, ಮುಖದಲ್ಲಿ ಏನು ಕಂಡು, ಇವರಿಂದ ಆಗಲ್ಲ ಎಂದು ತೀರ್ಮಾನಿಸಿದಳು? ಅವಳು ಆಗಲೇ ಚಾಪೆ ಹಾಸಿಕೊಂಡು ನೆಲದ ಮೇಲೆ ಕಾಲು ಚಾಚಿ, ಎರಡೂ ಕೈಯಲ್ಲಿ ಅಂಗಾಲು ಹಿಡಿದಿದ್ದಳು. ಮಂಡಿನೋವೆಂದು ಎರಡು ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದವಳು.

ಜಿಮ್ಮಿಗೆ ಮೊದಲು ಸೇರಿದವನು ಅವನು. ಇದನ್ನು ಯಾರಾದರೂ ಎಲ್ಲಿಯಾದರೂ ಬರೆದಿಟ್ಟಿರಬೇಕಾಗಿತ್ತು ಎಂದು ಅವನಿಗೆ ಆಗಾಗ ಅನಿಸುತ್ತಿತ್ತು. ರಕ್ತದಲ್ಲಿ ಸಕ್ಕರೆ ಜಾಸ್ತಿಯಾಗಿದೆ ಎಂದು ಡಾಕ್ಟರು ಹೇಳಿದ್ದು ಅವನಿಗೆ. ಟೈರಿನ ಅಂಗಡಿಯ ಮೇಲಿನ ಈ ಉದ್ದದ ಕೋಣೆಯನ್ನು, ರಬ್ಬರು ಬೆವರು ಎರಡರ ವಾಸನೆಯೂ ಕೂಡಿದ ಈ ಗಾಳಿಯನ್ನು ಹುಡುಕಿ ಬಂದದ್ದು ಅವನು. ಮೊದಲ ದಿನ ಓಡುವ ಯಂತ್ರದ ಮೇಲೆ ನಿಂತು ಯಾವುದೋ ಗುಂಡಿ ಒತ್ತಿ, ಕಾಲ ಕೆಳಗಿನ ನೆಲ ಕಿತ್ತುಕೊಂಡು ಹೋಗಿ, ಕೈಹಿಡಿಗೆ ಜೋತುಬಿದ್ದು ಒದ್ದಾಡಿದ್ದು ಅವನು. ಕಾಲಿನ ಯಂತ್ರದಲ್ಲಿ ಹಿಂದು ಮುಂದಾಗಿ ಕೂತು, ಇದೇನು ಇಷ್ಟು ಕಷ್ಟ ಎಂದು ಉಸಿರುಗಟ್ಟಿ ತಳ್ಳಿದ್ದೂ, ಕೋಚು ಬಂದು ಯಾರಿಗೂ ಕೇಳದ ಹಾಗೆ "ಸರ್, ಆ ಕಡೆ ತಿರುಗಿ ಕೂತ್ಕೊಳ್ಳಿ" ಎಂದದ್ದೂ ಅವನ ಪಾಲಿಗೇ. ಕುಕ್ಕರಗಾಲಿನಲ್ಲಿ ಕೂತು ಏಳುವಾಗ ಪ್ಯಾಂಟಿನ ಹೊಲಿಗೆ ಪರ್ ಎಂದು ಬಿಚ್ಚಿಕೊಂಡು, ಗೋಡೆಗೆ ಬೆನ್ನು ಹಚ್ಚಿ ಏಡಿಯ ಹಾಗೆ ಅಡ್ಡಡ್ಡ ನಡೆದು ಬಾಗಿಲು ಸೇರಿದ್ದನ್ನು ಅವನು ಮನೆಯಲ್ಲಿ ಹೇಳಿ ಅವಳನ್ನು ನಗಿಸಿದ್ದ. ಇಷ್ಟೆಲ್ಲ ಅವಮಾನ ಅನುಭವಿಸಿ ದಾರಿ ಸಮ ಮಾಡಿದವನು ತಾನು. ಅವಳು ಬಂದದ್ದು ಅವನ ನೀರಿನ ಬಾಟಲಿ ಕೊಡಲು. ಬಾಗಿಲಲ್ಲಿ ನಿಂತಿದ್ದವಳನ್ನು ಕೋಚು, ಅಲ್ಯಾಕೆ ನಿಂತಿದೀರಿ, ಒಳಗೆ ಬನ್ನಿ, ಇದನ್ನ ಎತ್ತಿ ನೋಡೋಣ ಎಂದ. ಅವಳು ಬಾಟಲಿ ಕೆಳಗಿಟ್ಟು, ಮಂಡಿ ಬಗ್ಗಿಸಿ, ಬೆನ್ನು ನೇರ ಇಟ್ಟು, ನೆಲದ ಮೇಲಿದ್ದ ರಾಡನ್ನು ಎತ್ತಿ ನಿಂತು, "ಇಷ್ಟೇನಾ?" ಎಂದಳು.

ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿ ಅವಳು ವರ್ಷಗಟ್ಟಲೆ ಎತ್ತಿದ್ದು ಮನುಷ್ಯರನ್ನು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ, ಈ ಮಗ್ಗುಲಿನಿಂದ ಆ ಮಗ್ಗುಲಿಗೆ. ಮನುಷ್ಯರಿಗೆ ಹಿಡಿ ಇರಲ್ಲ, ಇದಕ್ಕೆ ಹಿಡಿ ಇದೆ, ಇದೇ ಸುಲಭ ಎಂದು ಅವಳು ಹೇಳಿದ್ದನ್ನು ಕೋಚು ಎಲ್ಲರಿಗೂ ಹೇಳಿದ. ಅಂದಿನಿಂದ ಜಿಮ್ಮಿಗೆಲ್ಲ ಅವಳು "ಸಿಸ್ಟರ್". ಮೊದಲು ಸೇರಿದವನು "ಸಿಸ್ಟರ್ ಯಜಮಾನ್ರು".

"ಯಜಮಾನ್ರೇ, ಇಲ್ಲಿ ಕೂತ್ಕೊಳ್ಳಿ, ಇದು ನಂದೇ." ಕರೆದವನು, ಜಿಮ್ಮಿನಲ್ಲಿ ಎಲ್ಲರೂ ಟವಲ್ ಎನ್ನುವವನು. ರಿಟೈರಾದ ಬಸ್ ಕಂಡಕ್ಟರು. ಯಾವ ಯಂತ್ರ ಖಾಲಿ ಕಂಡರೂ ಅದರ ಮೇಲೊಂದು ಟವಲು ಎಸೆದು, ಆಮೇಲೆ ಊರೆಲ್ಲ ಮಾತಾಡಿಕೊಂಡು ಬಂದು ಕೂರುತ್ತಿದ್ದ. ಹೀಗೆ ಒಂದೇ ಸಲಕ್ಕೆ ಅವನು ಹಲವು ಯಂತ್ರಗಳ ಒಡೆಯನಾಗಿರುತ್ತಿದ್ದ. ಟವಲನ್ನು ಸರಿಸಿ ಪಕ್ಕದಲ್ಲಿ ಜಾಗ ಕೊಟ್ಟು, "ಮತ್ತೆ, ಸಿಸ್ಟರ್ ಹೆಸರು ಕೊಟ್ರಾ?" ಎಂದ.

"ಯಾವ ಹೆಸರು?"

"ಅದೇ ರೀ, ತೂಕ ಎತ್ತೋ ಸ್ಪರ್ಧೆಗೆ. ನಲವತ್ತೈದು ದಾಟಿದ ಹೆಂಗಸರದ್ದು. ಈ ಜಿಮ್ಮಿಂದ ಇದುವರೆಗೆ ಒಂದು ನರಪಿಳ್ಳೇನೂ ಹೋಗಿಲ್ಲ. ಸಿಸ್ಟರ್ ಹೋದ್ರೆ ಪದಕ ಇಲ್ದೆ ವಾಪಸ್ ಬರಲ್ಲ ಅಂತ ಕೋಚ್ ಎದೆ ತಟ್ಕೊಂಡು ಹೇಳ್ತಿದ್ದ." ಟವಲ್ ಅವನ ಮುಖ ನೋಡಿದ. "ನಿಮಗೆ ಗೊತ್ತಿರತ್ತಲ್ಲ."

"ಗೊತ್ತಿಲ್ದೆ ಏನು."

"ಅಲ್ವಾ ಮತ್ತೆ. ಮನೇಲೇ ಇರೋರು ನೀವು." ಟವಲ್ ತನ್ನ ಹೊಟ್ಟೆಯನ್ನು ಎರಡು ಸಲ ತಟ್ಟಿದ. "ನೋಡಿ, ನಮ್ಮನೇಲಿ ನಾನು ಇಲ್ಲಿ ಒಂದು ಗಂಟೆ ಬೆವರು ಸುರಿಸಿ ಹೋದ್ರೆ, ನನ್ನ ಹೆಂಡತಿ, ಗ್ಯಾಸ್ ಸಿಲಿಂಡರ್ ಸ್ವಲ್ಪ ಸರಿಸಿ ಅಂತಾಳೆ. ನಾನು, ಇವತ್ತು ಕಾಲಿನ ದಿನ, ಕೈಗೆ ರಜಾ ಅಂತೀನಿ. ನೀವು ಪುಣ್ಯವಂತರು. ಸಿಲಿಂಡರ್ ಜೊತೆ ನಿಮ್ಮನ್ನೂ ಸರಿಸ್ತಾರೆ." ಅವನು ಗಟ್ಟಿಯಾಗಿ ನಕ್ಕ, ನಗುವಿನಲ್ಲಿ ಹಲ್ಲಿತ್ತೇ ಹೊರತು ವಿಷವಿರಲಿಲ್ಲ. ಆದರೆ ಯಜಮಾನ್ರು ನಗಲಿಲ್ಲ. ಅವನ ಕಿವಿಯ ಹಿಂದೆ, ರಬ್ಬರು ಪಟ್ಟಿ ಕೂತ ಜಾಗದಲ್ಲಿ, ಬಿಸಿಯೇರಿತು.

ಅಲ್ಲಿ, ಚಾಪೆಯ ಹತ್ತಿರ, ಕೋಚು ಬಂದು ಅವಳ ಎದುರು ಕುಕ್ಕರಗಾಲಿನಲ್ಲಿ ಕೂತಿದ್ದ. ಏನೋ ಕೇಳುತ್ತಿದ್ದ. ಅವಳು ತಲೆ ಅಡ್ಡಡ್ಡ ಆಡಿಸುತ್ತಿದ್ದಳು. ಕೋಚು ಕೈ ಮುಗಿಯುವಂತೆ ಮಾಡಿದ, ಅವಳು ನಕ್ಕಳು. ಇಲ್ಲಿ ಕೂತು ಅವನು ಆ ನಗುವಿನಲ್ಲಿ ಹುಡುಕಬೇಕಾದ್ದನ್ನೆಲ್ಲ ಹುಡುಕಿದ. ಕೋಚು ಮಗನಾಗುವ ವಯಸ್ಸಿಗಿಂತ ಸ್ವಲ್ಪ ಹೆಚ್ಚಿನವನು, ಕಲ್ಲಿನಲ್ಲಿ ಕಡೆದ ಹಾಗಿದ್ದಾನೆ, ದಿನವೂ ಇವಳ ಬೆನ್ನು ನೇರ ಇದೆಯೇ ಎಂದು ನೋಡುತ್ತಾನೆ. ಆದರೆ ಅಲ್ಲಿ ಏನೂ ಸಿಗಲಿಲ್ಲ. ಸಿಕ್ಕಿದ್ದರೆ ಚೆನ್ನಾಗಿತ್ತು. ಅಂಥ ಹೊಟ್ಟೆಯುರಿಗೆ ಲೋಕದಲ್ಲಿ ಒಂದು ಹೆಸರಿದೆ. ಗಂಡಸಾದವನು ಕೂಗಾಡಬಹುದು, ಬಾಗಿಲು ಬಡಿಯಬಹುದು, ನಾಲ್ಕು ಜನ ಬಂದು ಸಮಾಧಾನ ಮಾಡುತ್ತಾರೆ. ಇದಕ್ಕೆ ಏನನ್ನುವುದು? ಕೋಚು ಅವಳನ್ನು ನೋಡುವ ರೀತಿಯಲ್ಲಿ ತನ್ನನ್ನು ಒಮ್ಮೆಯೂ ನೋಡಲಿಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತಿದೆ ಎಂದು ಯಾರ ಮುಂದೆ ಹೇಳಿಕೊಳ್ಳುವುದು? ತನಗೆ ಬೇಕಾಗಿದ್ದದ್ದು ಹೆಂಡತಿಯಲ್ಲ, ಹೆಂಡತಿಯ ಜಾಗ. ಆ ಚಾಪೆಯ ಮೇಲೆ ತಾನು ಕಾಲು ಚಾಚಿ ಕೂತು ಬೇಡ ಬೇಡ ಎಂದು ತಲೆಯಾಡಿಸಬೇಕಿತ್ತು, ಎದುರಿನವನು ಕೈ ಮುಗಿಯಬೇಕಿತ್ತು. ಸೈಕಲ್ಲಿನ ಮೇಲೆ ಕೂತು ಅವಳು ಅದನ್ನು ನೋಡಬೇಕಿತ್ತು. ಛೀ ಎಂದುಕೊಂಡ. ಅಂದುಕೊಂಡರೂ ಅದು ಅಲ್ಲಾಡಲಿಲ್ಲ.

ಬೆಂಚು ಇನ್ನೂ ಖಾಲಿ ಇತ್ತು. ಅವನು ಎದ್ದು ಹೋದ. ಯಾಕೆ ಹೋಗುತ್ತಿದ್ದಾನೆಂದು ಕಾಲಿಗೆ ಮೊದಲು ಗೊತ್ತಾಯಿತು. ಸಣ್ಣ ಪ್ಲೇಟುಗಳನ್ನು ತೆಗೆದ. ಗೂಟದಿಂದ ಅವಳು ಸಿಕ್ಕಿಸಿದ್ದ ಕರಿಯ ಪ್ಲೇಟನ್ನು ಇಳಿಸಿಕೊಂಡ, ಅದಕ್ಕೆ ಎರಡು ಕೈ ಬೇಕಾಯಿತು, ಹೊಟ್ಟೆಗೆ ಒತ್ತಿ ಹಿಡಿದು ತಂದು ರಾಡಿಗೆ ಏರಿಸಿದ. ಇನ್ನೊಂದನ್ನೂ. ಆಮೇಲೆ ಲಾಕು ಹಾಕಿದ. ಪ್ಲೇಟು ಜಾರದಂತೆ ರಾಡಿನ ಎರಡೂ ತುದಿಗೆ ಹಾಕುವ ಕ್ಲಿಪ್ಪು ಅದು. ಹಿಂದೆ ಯಾರೂ ಇಲ್ಲದಾಗ ಲಾಕು ಹಾಕಬೇಡಿ, ಸಿಕ್ಕಿಕೊಂಡರೆ ರಾಡನ್ನು ಒಂದು ಕಡೆಗೆ ವಾಲಿಸಿ, ಪ್ಲೇಟುಗಳು ಜಾರಿ ಬೀಳಲಿ, ನೀವು ಪಾರಾಗ್ತೀರಿ ಎಂದು ಕೋಚು ಮೊದಲ ವಾರವೇ ಹೇಳಿಕೊಟ್ಟಿದ್ದ. ಆದರೆ ಪ್ಲೇಟು ನೆಲಕ್ಕೆ ಬಿದ್ದಾಗ ಆಗುವ ಸದ್ದು ಅವನಿಗೆ ಗೊತ್ತಿತ್ತು. ಕೋಣೆಗೆ ಕೋಣೆಯೇ ತಿರುಗಿ ನೋಡುವುದು ಗೊತ್ತಿತ್ತು. ಬೀಳುವುದಾದರೆ ಸದ್ದಿಲ್ಲದೆ ಬೀಳಲಿ ಎಂದು ಲಾಕನ್ನು ಇನ್ನೊಮ್ಮೆ ಒತ್ತಿ ಗಟ್ಟಿ ಮಾಡಿದ. ಮಲಗಿದ. ತಲೆಯ ಹಿಂದೆ ಯಾರೂ ಇಲ್ಲದ ಜಾಗ ತಣ್ಣಗಿತ್ತು.

ಕೊಕ್ಕೆಯಿಂದ ರಾಡು ಬಿಟ್ಟುಕೊಂಡ ಕ್ಷಣ ಮಾತ್ರ ಅವನು ಅದನ್ನು ಹಿಡಿದಿದ್ದ. ಆ ಕ್ಷಣದಲ್ಲಿ, ಆಗತ್ತೆ, ಆಗತ್ತೆ ಎನ್ನುವ ಖುಷಿಯೊಂದು ಮೈಯೆಲ್ಲ ಓಡಿತು. ಆಮೇಲೆ ಅದು ಇಳಿಯಿತು. ಅವನು ಇಳಿಸಲಿಲ್ಲ, ಅದೇ ಇಳಿಯಿತು, ತನ್ನ ಮನೆಗೆ ಬಂದವರ ಹಾಗೆ ನೆಟ್ಟಗೆ ಬಂದು ಎದೆಯ ಮೇಲೆ ಕೂತಿತು. ಎತ್ತಿದ. ಬೆನ್ನು ಬೆಂಚಿನಿಂದ ಎದ್ದಿತು, ರಾಡು ಏಳಲಿಲ್ಲ. ಉಸಿರು ಬಿಟ್ಟ, ಬಿಟ್ಟಷ್ಟು ಜಾಗವನ್ನು ಅದು ಹಿಡಿದುಕೊಂಡಿತು, ಒಳಗೆಳೆದುಕೊಳ್ಳಲು ಜಾಗ ಉಳಿಯಲಿಲ್ಲ. ಎಡಕ್ಕೆ ವಾಲಿಸಿದ, ಲಾಕು ಪ್ಲೇಟನ್ನು ಬಿಡಲಿಲ್ಲ. ಮೇಲೆ ಚಾವಣಿಯಲ್ಲಿ ನೀರಿಳಿದ ಕಲೆಯಿತ್ತು, ಅದರ ಅಂಚು ಕೂಡ ಹೊಸ ಗಾಜಿನಲ್ಲಿ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಹಾಡು ಅರಚುತ್ತಿತ್ತು. ಈಗ ಮಾಡಬಹುದಾದದ್ದು ಒಂದೇ, ಕೂಗುವುದು. ಯಾರನ್ನು? ಕೋಚನ್ನು ಕೂಗಿದರೆ ಅವಳೆದುರೇ ಬಂದು ಎತ್ತುತ್ತಾನೆ. ಟವಲನ್ನು ಕೂಗಿದರೆ ಸಂಜೆಯೊಳಗೆ ಅದು ಕಥೆಯಾಗಿ ಎರಡು ಬಡಾವಣೆ ದಾಟುತ್ತದೆ. ಇನ್ನೂ ಸ್ವಲ್ಪ ಹೊತ್ತು ಹೀಗೇ ಇದ್ದರೆ ಯಾರಾದರೂ ತಾವಾಗಿ ನೋಡಬಹುದು, ಆಗ ತಾನು ಕೂಗಿದ ಹಾಗಾಗುವುದಿಲ್ಲ ಎಂದು ಲೆಕ್ಕ ಹಾಕುತ್ತಿದ್ದುದು ಅವನಿಗೇ ಕೇಳಿಸಿತು. ಸಾಯುವವನು ಇಷ್ಟು ಸಣ್ಣ ಲೆಕ್ಕ ಹಾಕುತ್ತಾನೆಯೇ? ರಾಡು ಒಂದು ಬೆರಳು ಕುತ್ತಿಗೆಯ ಕಡೆಗೆ ಉರುಳಿತು. ಕಣ್ಣಿನ ಅಂಚಿನಲ್ಲಿ ಕಪ್ಪು ಕಟ್ಟತೊಡಗಿತು. ಅವಳನ್ನು ಅವನು ಹೊರಗೆ ಎಲ್ಲೂ ಹೆಸರು ಹಿಡಿದು ಕರೆದವನಲ್ಲ. ಏನೇ, ಇಲ್ನೋಡೇ ಎನ್ನುತ್ತಿದ್ದ. ಅದು ಹತ್ತಿರ ಇದ್ದಾಗ. ದೂರದಿಂದ ಕರೆಯಲು ಅವನ ಬಳಿ ಮಾತೇ ಇರಲಿಲ್ಲ. ಉಳಿದಿದ್ದ ಚೂರು ಉಸಿರನ್ನೆಲ್ಲ ಒಟ್ಟುಮಾಡಿ ಅವನ ಗಂಟಲು, ಅವನನ್ನು ಕೇಳದೆ, ಹಾಸಿಗೆ ಹಿಡಿದ ಮುದುಕನಂಥ ತೆಳು ದನಿಯಲ್ಲಿ ಕೂಗಿತು: "ಸಿಸ್ಟರ್!"

ಹಾಡಿನ ಅಬ್ಬರದಲ್ಲಿ ಅದು ಬೇರೆ ಯಾರಿಗೂ ಕೇಳಿಸಲಿಲ್ಲ. ಅವಳಿಗೆ ಕೇಳಿಸಿತು. ಕೋಚಿನ ಮಾತಿನ ನಡುವೆ, ಯಾರು ಎಂದು ನೋಡುವ ಮೊದಲೇ ಅವಳು ಎದ್ದಿದ್ದಳಂತೆ. ಅವನಿಗೆ ಕಂಡದ್ದು ಚಾವಣಿಯ ಕಲೆಗೆ ಅಡ್ಡವಾಗಿ ಬಂದ ಮುಖ. ಅದು ಅವನ ಹೆಂಡತಿಯ ಮುಖವಾಗಿರಲಿಲ್ಲ. ಅದರಲ್ಲಿ ಗಾಬರಿಯಿರಲಿಲ್ಲ, ಪ್ರೀತಿಯೂ ಇರಲಿಲ್ಲ, ಅಯ್ಯೋ ಪಾಪ ಎನ್ನುವುದಂತೂ ಇರಲೇ ಇಲ್ಲ. ಕೆಲಸವಿತ್ತು. ಎರಡೂ ಕೈ ರಾಡಿಗೆ ಬಂದವು, ಕಾಲು ಅಗಲವಾದವು, ಕುತ್ತಿಗೆಯಲ್ಲಿ ಎರಡು ನರ ಹಗ್ಗದಂತೆ ಎದ್ದು ನಿಂತವು, ಹಣೆಯ ನಡುವೆ ಒಂದು ಗಂಟು ಬಿತ್ತು, ರಾಡು ಅವನ ಎದೆಯಿಂದ ಎದ್ದು ಗಾಳಿಯಲ್ಲಿ ಹೋಗಿ ಕೊಕ್ಕೆಗೆ ಕೂತು ಠಣ್ ಎಂದಿತು. ಇಷ್ಟು ವರ್ಷದ ಸಂಸಾರದಲ್ಲಿ ಅವನು ಅವಳ ಪೂರ್ತಿ ಬಲವನ್ನು ನೋಡಿದ್ದು ಆಗಲೇ, ಅದರ ಕೆಳಗೆ ಮಲಗಿಕೊಂಡು. ಉಸಿರು ಬರುವ ಮೊದಲು ಬಂದದ್ದು ಹೊಟ್ಟೆಕಿಚ್ಚು. ಎಷ್ಟು ಚೆನ್ನಾಗಿ ಎತ್ತಿದಳು.

"ಉಸಿರು ಬಿಡಿ. ಇನ್ನೊಂದ್ಸಲ. ಕೈ ಆಡಿಸಿ. ಇಲ್ಲಿ ಒತ್ತಿದ್ರೆ ನೋವಿದೆಯಾ? ಸುಳ್ಳು ಹೇಳ್ಬೇಡಿ."

"ಇಲ್ಲ."

ಆಗ ಹಾಡು ನಿಂತಿತು. ಕೋಚು ಓಡಿ ಬಂದವನು ಲಾಕನ್ನು ಮುಟ್ಟಿ ನೋಡಿ, "ಸರ್, ಒಬ್ರೇ ಮಲಗೋವಾಗ ಇದನ್ನ ಹಾಕಬಾರ್ದು ಅಂತ ಎಷ್ಟು ಸಲ ಹೇಳಿಲ್ಲ ನಿಮಗೆ? ಏನಾದ್ರೂ ಆಗಿದ್ರೆ?" ಎಂದ. ಹರಿದ ಬನಿಯನ್ನಿನವನು, ಹಲ್ಲು ಕಚ್ಚುವವಳು, ಎಲ್ಲರೂ ಸುತ್ತ ನಿಂತಿದ್ದರು, ಎಲ್ಲರಿಗೂ ಮುಖವಿತ್ತು. ಟವಲ್ ತನ್ನ ಹೆಗಲ ಟವಲನ್ನು ತೆಗೆದು ಅವನ ಮೈಮೇಲೆ ಹೊದಿಸಿದ. "ಯಜಮಾನ್ರೇ, ಇನ್ಮೇಲೆ ನಿಮ್ಮ ಮೇಲೇ ಒಂದು ಟವಲ್ ಹಾಕಿಡ್ತೀನಿ. ಯಾವ ರಾಡೂ ಹತ್ತಿ ಕೂರಲ್ಲ." ಯಾರೋ ಒಬ್ಬರು ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಆಮೇಲೆ ಎಲ್ಲರೂ, ಹೇಳಿಕೊಟ್ಟ ಹಾಗೆ, ಒಟ್ಟಿಗೆ ತಮ್ಮ ತಮ್ಮ ಯಂತ್ರಗಳ ಕಡೆಗೆ ತಿರುಗಿದರು. ಬಹಳ ಒಳ್ಳೆಯ ಜನ. ಅವರು ನಕ್ಕಿದ್ದರೆ ಅವನು ಇನ್ನೊಂದಿಷ್ಟು ಬೇಗ ಏಳುತ್ತಿದ್ದ.

ಬಾಗಿಲ ಹೊರಗೆ, ಮೆಟ್ಟಿಲ ತಲೆಯಲ್ಲಿ, ಚಪ್ಪಲಿ ಗೂಡಿನ ಪಕ್ಕ ಒಂದು ಸಿಮೆಂಟಿನ ಕಟ್ಟೆ. ಇಬ್ಬರೂ ಕೂತರು. ಅವಳು ಬೂಟಿನ ದಾರ ಬಿಚ್ಚಿ, ಬೂಟು ತೆಗೆದು, ಚಪ್ಪಲಿ ಹಾಕಿಕೊಂಡಳು. ಅವನ ಎದೆಯ ಮೇಲೆ, ಅಂಗಿಯ ಒಳಗೆ, ರಾಡಿನ ಗೆರೆ ಉರಿಯುತ್ತಿತ್ತು.

"ಎಷ್ಟು ದಿನದಿಂದ ನಾಟಕ?"

ಅವಳು ಚಪ್ಪಲಿಯನ್ನೇ ನೋಡುತ್ತಿದ್ದಳು. "ನೋಡಿದ್ರಾ?"

"ಕನ್ನಡಕ ಇತ್ತಲ್ಲ."

"ಬೆಳಿಗ್ಗೆ ನಿಮ್ಮ ತಲೇಲಿ ಪಟ್ಟಿ ನೋಡಿದಾಗ್ಲೇ ಅನ್ನಿಸ್ತು. ಅಷ್ಟು ದೂರ ಕಾಣಲ್ಲ ಬಿಡು ಅಂದ್ಕೊಂಡೆ. ಗಾಜು ಚೆನ್ನಾಗೇ ಹಾಕಿದೀರಿ."

"ಎಲ್ಲರಿಗೂ ಗೊತ್ತಾ?"

"ಹ್ಞೂಂ."

"ಟವಲ್‌ಗೂ?"

"ಅವರಿಗೆ ಗೊತ್ತಾದ ಮೇಲೆ ಇನ್ಯಾರಿಗೆ ಗೊತ್ತಾಗದೆ ಇರತ್ತೆ?"

"ಯಾಕೆ ಹಾಗೆ ಮಾಡಿದೆ? ನಾನೇನು ಮಗುವಾ?"

"ನೀವು ಮಾತು ಬಿಡ್ತೀರಿ. ಅದಕ್ಕೆ."

"ನಾನಾ? ನಾನು ಯಾವತ್ತು ಮಾತು ಬಿಟ್ಟಿದೀನಿ?"

"ನನ್ನನ್ನ ವಾರ್ಡಿಗೆ ಇನ್‌ಚಾರ್ಜ್ ಮಾಡಿದಾಗ."

"ಆಗ ನನಗೆ ಹಲ್ಲುನೋವಿತ್ತು."

"ಅಂಗಡೀಲಿ ಗಿರಾಕಿಗಳ ಹತ್ರ ನೋಯ್ತಿರ್ಲಿಲ್ಲ. ನನ್ನ ತಮ್ಮ ಬಂದಾಗ ನೋಯ್ತಿರ್ಲಿಲ್ಲ. ನಾನು ಒಳಗೆ ಬಂದ ತಕ್ಷಣ ಕೆನ್ನೆ ಹಿಡ್ಕೊಳ್ತಿದ್ರಿ."

ಅವನ ನಾಲಿಗೆ ತಾನಾಗಿ ಹಿಂದಿನ ದವಡೆಯ ಖಾಲಿ ಜಾಗಕ್ಕೆ ಹೋಯಿತು. ನೋವು ಸುಳ್ಳಾಗಬಾರದೆಂದು ಅವನು ಆ ಹಲ್ಲನ್ನು ಕೀಳಿಸಿಕೊಂಡೇ ಬಂದಿದ್ದ. ಡಾಕ್ಟರು, ಚೆನ್ನಾಗೇ ಇದೆಯಲ್ರೀ ಎಂದು ತಟ್ಟಿ ತಟ್ಟಿ ನೋಡಿದರೂ, ಇಲ್ಲ, ತೆಗೆದುಬಿಡಿ ಎಂದು ಬಾಯಿ ತೆರೆದು ಕೂತಿದ್ದ. ಹತ್ತಿಯನ್ನು ಕಚ್ಚಿಕೊಂಡು ಮನೆಗೆ ಬಂದಾಗ ಅವಳು ಅನ್ನವನ್ನು ಗಂಜಿಯಂತೆ ಮೆತ್ತಗೆ ಮಾಡಿ ಬಡಿಸಿದ್ದಳು. ಅದನ್ನು ಉಂಡಿದ್ದ.

"ಸ್ಪರ್ಧೆ ವಿಷಯ ಟವಲ್ ಹೇಳ್ಬೇಕಾ ನನಗೆ?"

"ಹೋಗಲ್ಲ ಅಂತ ಹೇಳಿದೀನಿ ಕೋಚ್‌ಗೆ. ಹೋಗದೇ ಇರೋದನ್ನ ಹೇಳಿ ಏನ್ಮಾಡೋದು? ಇವತ್ತೇ ಕೊನೇ ದಿನ, ಹೆಸರು ಕೊಡಿ ಅಂತ ಈಗಲೂ ಗೋಗರೀತಿದ್ದ. ಬೇಡ ಅಂದೆ."

ಹೋಗುವುದಿಲ್ಲ. ಆ ಮಾತು ಅವನೊಳಗೆ, ಉರಿಯುತ್ತಿದ್ದ ಗೆರೆಯ ಮೇಲೆ, ತಣ್ಣನೆಯ ಮುಲಾಮಿನಂತೆ ಹರಡಿತು. ಅವನು ಕೇಳಲಿಲ್ಲ, ತಡೆಯಲಿಲ್ಲ, ಒಂದು ಕೆಟ್ಟ ಮಾತಾಡಲಿಲ್ಲ. ಅವಳೇ ಬೇಡ ಎಂದಿದ್ದಾಳೆ. ನಾಳೆಯ ಹೊತ್ತಿಗೆ ಇದು ಮುಗಿದ ಮಾತು. ಸ್ವಲ್ಪ ದಿನ ಬಿಟ್ಟು, ಹೋಗಬೇಕಿತ್ತು ಕಣೇ ಎಂದು ತಾನೇ ಹೇಳಬಹುದು. ಎಲ್ಲರ ಮುಂದೆ ಹೇಳಬಹುದು. ಎಷ್ಟು ದೊಡ್ಡ ಮನಸ್ಸಿನವನಾಗಿ ಕಾಣಬಹುದು. ಅವನು ತಲೆಯೆತ್ತಿದಾಗ ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಜ್ವರ ಇಳಿಯಿತೇ ಎಂದು ನೋಡುವ ಹಾಗೆ ನೋಡುತ್ತಿದ್ದಳು. ಅವನು ಮುಖ ತಿರುಗಿಸಿದ, ತಡವಾಗಿತ್ತು.

"ಖುಷಿಯಾಯ್ತು ನಿಮಗೆ."

"ಏ, ಹುಚ್ಚಿ. ನಾನೇನಂದೆ ಈಗ?"

"ಏನೂ ಅನ್ನಲಿಲ್ಲ." ಅವಳು ಬಗ್ಗಿ ಚಪ್ಪಲಿ ಬಿಚ್ಚಿದಳು. ಗೂಡಿನಿಂದ ಬೂಟನ್ನು ಮತ್ತೆ ಎಳೆದುಕೊಂಡಳು.

"ಎಲ್ಲಿಗೆ?"

"ಒಳಗೆ. ಹೆಸರು ಕೊಟ್ಟು ಬರ್ತೀನಿ."

"ಇದ್ದಕ್ಕಿದ್ದ ಹಾಗೆ ಏನಾಯ್ತೇ ನಿನಗೆ?"

"ಇದ್ದಕ್ಕಿದ್ದ ಹಾಗೆ ಅಲ್ಲ." ದಾರವನ್ನು ಎಳೆದು ಬಿಗಿ ಮಾಡುತ್ತ, ತಲೆ ಎತ್ತದೆ ಮಾತಾಡಿದಳು. "ನನ್ನಿಂದ ಎಷ್ಟಾಗತ್ತೆ ಅಂತ ನಾನು ಸರಿಯಾಗಿ ತೋರಿಸಿದ್ದಿದ್ರೆ ನೀವು ಅದರ ಕೆಳಗೆ ಹೋಗಿ ಮಲಗ್ತಾನೇ ಇರ್ಲಿಲ್ಲ. ಇನ್ನೊಂದು ಬೆರಳು ಮೇಲೆ ಬಂದಿದ್ರೆ ಗಂಟಲು. ನಿಮ್ಮನ್ನ ನೋಯಿಸಬಾರ್ದು ಅಂತ ಮಾಡಿದ್ದು ನಿಮ್ಮನ್ನ ಕೊಲ್ತಿತ್ತಲ್ರೀ." ಗಂಟು ಹಾಕಿ ಎದ್ದು ನಿಂತಳು. ಕೈ ಸ್ವಲ್ಪ ನಡುಗುತ್ತಿತ್ತು; ಈ ಸಲ ನಿಜವಾಗಿ. "ಮಾತು ಬಿಡೋದಾದ್ರೆ ಬಿಡಿ. ಎಷ್ಟು ದಿನ ಬಿಡ್ತೀರೋ ಬಿಡಿ, ನಾನಿರ್ತೀನಿ. ಇನ್ನೊಂದು ಹಲ್ಲು ಮಾತ್ರ ಕೀಳಿಸ್ಬೇಡಿ."

ಅವಳಿಗೆ ಅದೂ ಗೊತ್ತಿತ್ತು. ಮೆತ್ತಗಿನ ಅನ್ನ ಬಡಿಸಿದಾಗಲೂ ಗೊತ್ತಿತ್ತು.

"ನಿಜಕ್ಕೂ ಎಷ್ಟು ಎತ್ತುತೀಯ?" ಎಂದ. ಕೇಳಬಾರದೆಂದುಕೊಂಡೇ ಕೇಳಿದ. "ನೆಲದಿಂದ."

"ನೂರು ಕಿಲೋ" ಎಂದು ಅವಳು ಒಳಗೆ ಹೋದಳು. ಬಾಗಿಲು ತೆರೆದು ಮುಚ್ಚುವಷ್ಟು ಹೊತ್ತು ಹಾಡು ಹೊರಗೆ ಬಂದು ಹೋಯಿತು.

ಅವನು ಇಳಿದು ರಸ್ತೆಗೆ ಬಂದ. ಸ್ಕೂಟರಿನ ಕೀಲಿ ಜೇಬಿನಲ್ಲಿತ್ತು. ಅಂಗಡಿ ತೆರೆಯುವ ಹೊತ್ತಾಗಿದೆ ಎಂದು ಹೊರಟುಹೋಗಬಹುದು, ಅವಳು ಬಸ್ಸಿನಲ್ಲಿ ಬರುತ್ತಾಳೆ, ಸಂಜೆ ಮನೆಗೆ ಹೋದಾಗ ತಲೆನೋವೆನ್ನಬಹುದು. ಎದೆಯ ನೋವಂತೂ ನಿಜವಾಗಿಯೇ ಇದೆ, ಅದನ್ನು ಬಹಳ ದಿನ ಎಳೆಯಬಹುದು. ಎಲ್ಲ ಸಿದ್ಧವಾಗಿತ್ತು, ಮಾತು ಬಿಡುವುದೆಂದರೆ ಅವನಿಗೆ ಕೈ ತಿರುಗಿದ ಕೆಲಸ. ಮೇಲೆ ಚಪ್ಪಾಳೆಯಾಯಿತು. ಟವಲಿನ ದನಿ ಎಲ್ಲದಕ್ಕಿಂತ ಮೇಲೆ ಕೇಳಿಸಿತು. ಅವನು ಕೀಲಿಯನ್ನು ಜೇಬಿನಲ್ಲೇ ಹಿಂಡಿದ. ಆ ಚಪ್ಪಾಳೆಯಲ್ಲಿ ಒಂದೇ ಒಂದು ತನಗೆ ಬಿದ್ದಿದ್ದರೆ.

ಟೈರಿನ ಅಂಗಡಿಯವನು ಲಾರಿಯ ದೊಡ್ಡ ಟೈರೊಂದನ್ನು ಉರುಳಿಸಿಕೊಂಡು ಬಂದು ಗೋಡೆಗೆ ಒರಗಿಸಿದ. ಮಹಡಿಯ ಕಡೆ ನೋಡಿ, "ಏನ್ರೀ ಗಲಾಟೆ ಮೇಲೆ? ದಿನಾ ಕಬ್ಬಿಣ ಬೀಳೋ ಸದ್ದಿಗೆ ನನ್ನ ತಲೆ ಕೆಟ್ಟಿರತ್ತೆ, ಇವತ್ತು ಚಪ್ಪಾಳೆ ಬೇರೆ" ಎಂದ.

ಗೊತ್ತಿಲ್ಲ ಎನ್ನಬಹುದಿತ್ತು. ಟೈರಿನವನು ಅವನನ್ನು ಮೆಟ್ಟಿಲ ಮೇಲೆ ಕಂಡಿದ್ದನೇ ಹೊರತು ಯಾರೆಂದು ಗೊತ್ತಿರಲಿಲ್ಲ.

"ನನ್ನ ಹೆಂಡತಿಗೆ" ಎಂದ. "ಸ್ಪರ್ಧೆಗೆ ಹೋಗ್ತಿದಾಳೆ. ತೂಕ ಎತ್ತೋದು."

"ಹೌದಾ! ಎಷ್ಟು ಎತ್ತುತಾರೆ?"

"ನೆಲದಿಂದ ನೂರು."

"ನೂರಾ?" ಟೈರಿನವನು ಒರಗಿಸಿದ ಟೈರನ್ನೊಮ್ಮೆ, ಅವನನ್ನೊಮ್ಮೆ ನೋಡಿದ. ಅವನ ಹುಬ್ಬು ಮೇಲೆ ಹೋದದ್ದು ಹೋದ ಹಾಗೇ ಇತ್ತು. ಆ ಹುಬ್ಬನ್ನು ಮೇಲೇರಿಸಿದ್ದು ತನ್ನದೇ ಮಾತು, ಆದರೂ ಅದು ತನಗಲ್ಲ ಎಂದು ಅವನ ಹೊಟ್ಟೆಯೊಳಗೆ ಮತ್ತೆ ಯಾರೋ ಊದಿ ಕಿಡಿಯೆಬ್ಬಿಸಿದರು. "ಅಬ್ಬಬ್ಬಾ. ನೀವೂ ಹೋಗ್ತೀರಲ್ಲ ಮೇಲೆ? ನೀವೆಷ್ಟು ಎತ್ತುತೀರಿ?"

"ನಾನು ಅದರಲ್ಲಿ ಅರ್ಧ." ತಡೆಯಲಾಗಲಿಲ್ಲ. "ಅರ್ಧಕ್ಕಿಂತ ಸ್ವಲ್ಪ ಜಾಸ್ತೀನೇ."

"ಕಮ್ಮಿ" ಎಂದಿತು ಹಿಂದಿನಿಂದ ಒಂದು ದನಿ.

ಅವಳು ಮೆಟ್ಟಿಲ ಬುಡದಲ್ಲಿ, ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಇಂಥ ಎಷ್ಟೋ ಮಾತನ್ನು ಅವಳು ಎಷ್ಟೋ ಜನರೆದುರು ಕೇಳಿಸಿಕೊಂಡು ಬೇರೆ ಕಡೆ ನೋಡಿದ್ದಳು. ಇಂದು ಅವನನ್ನೇ ನೋಡುತ್ತಿದ್ದಳು. ಮುಖದಲ್ಲಿ ನಗುವಿರಲಿಲ್ಲ, ಕೋಪವೂ ಇರಲಿಲ್ಲ. ಕಾಯುತ್ತಿದ್ದಳು. ಟೈರಿನವನು ಒಮ್ಮೆ ಈ ಮುಖ, ಒಮ್ಮೆ ಆ ಮುಖ ನೋಡಿ, ನಗಲೋ ಬೇಡವೋ ಎಂದು ಟೈರಿನ ಮೇಲೆ ಕೈಯೂರಿದ. ಗಂಡನ ಕೆನ್ನೆ, ಕಿವಿ, ಕುತ್ತಿಗೆ ಎಲ್ಲ ಸುಟ್ಟ ಹಾಗಾಯಿತು. ಬಾಯಿ ಮುಚ್ಚಿಕೊಂಡ. ಮುಚ್ಚಿದ ಬಾಯಿಯೊಳಗೆ ದವಡೆ ಗಟ್ಟಿಯಾಯಿತು. ಇನ್ನು ಎಷ್ಟು ದಿನ ಬೇಕಾದರೂ ಹಾಗೇ ಇರಬಲ್ಲ ಎನ್ನುವಷ್ಟು ಗಟ್ಟಿಯಾಯಿತು. ರಸ್ತೆಯಲ್ಲಿ ಒಂದು ಬಸ್ಸು ಬಂದು ನಿಂತು, ಜನ ಇಳಿದು, ಮತ್ತೆ ಹೊರಟಿತು. ಅವಳು ಅದನ್ನು ತಿರುಗಿಯೂ ನೋಡಲಿಲ್ಲ.

"ನಲವತ್ತು ಕಿಲೋ" ಎಂದು ಅವನು ಟೈರಿನವನಿಗೆ ಹೇಳಿದ. "ಅದೂ ಬೆನ್ನು ಚೆನ್ನಾಗಿದ್ದ ದಿನ."